ಆನ್‌ಲೈನ್ ಡಿಗ್ರಿ ವಿದೇಶದಲ್ಲಿ ನಡೆಯುತ್ತದೆಯೇ? ಫೀಸು ಕಟ್ಟುವ ಮೊದಲು ನೋಡಿಕೊಳ್ಳಬೇಕಾದದ್ದು

ಆನ್‌ಲೈನ್ ಎಂಬಿಎ ಅಥವಾ ಎಂಸಿಎ ಅಂತ ಗೂಗಲ್‌ನಲ್ಲಿ ಒಮ್ಮೆ ಹುಡುಕಿ, ನಂಬರ್ ಕೊಟ್ಟು ನೋಡಿ. ಸಂಜೆಯೊಳಗೆ ನಾಲ್ಕು ಕಡೆಯಿಂದ ಫೋನ್ ಬರುತ್ತದೆ. "ಸರ್, ನಮ್ಮ ಡಿಗ್ರಿ ಯುಜಿಸಿ ಅಪ್ರೂವ್ಡ್, ವೆಸ್ ಅಪ್ರೂವ್ಡ್, ಕೆನಡಾ, ಜರ್ಮನಿ ಎಲ್ಲಾ ಕಡೆ ವ್ಯಾಲಿಡ್" ಎಂಬ ಮಾತು ಎಲ್ಲರ ಬಾಯಲ್ಲೂ ಒಂದೇ. ಮೊದಲನೆಯದು, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಅನುಮೋದನೆ, ನಿಜವೋ ಸುಳ್ಳೋ ಎಂದು ಹತ್ತು ನಿಮಿಷದಲ್ಲಿ ನೀವೇ ನೋಡಿಕೊಳ್ಳಬಹುದು. ಎರಡನೆಯದಕ್ಕೆ ಅರ್ಥವೇ ಇಲ್ಲ. ವೆಸ್ ಎಂಬ ಸಂಸ್ಥೆ ಯಾವ ವಿಶ್ವವಿದ್ಯಾಲಯಕ್ಕೂ ಅನುಮೋದನೆ ಕೊಡುವುದಿಲ್ಲ. ಅರ್ಜಿ ಹಾಕಿದವರ ಪ್ರಮಾಣಪತ್ರ ನೋಡಿ, ಅದು ಅಮೆರಿಕ ಅಥವಾ ಕೆನಡಾದ ಯಾವ ಓದಿಗೆ ಸಮ ಎಂದು ವರದಿ ಬರೆದುಕೊಡುತ್ತದೆ, ಅಷ್ಟೇ. ಇನ್ನು ಮೂರನೆಯದು. ಅದಕ್ಕೆ ಉತ್ತರ ಬೇಕಾದರೆ ಯಾವ ದೇಶ, ಯಾವ ಕೆಲಸ, ಯಾವ ವೀಸಾ ಎಂಬುದು ಮೊದಲು ಗೊತ್ತಾಗಬೇಕು.

ಸರ್ಕಾರಿ ಕಚೇರಿಯಲ್ಲಿ ಫೈಲು ಟೇಬಲ್‌ನಿಂದ ಟೇಬಲ್‌ಗೆ ಹೋಗುವ ಹಾಗೆ ನಿಮ್ಮ ಡಿಗ್ರಿಯೂ ನಾಲ್ಕು ಟೇಬಲ್ ದಾಟಬೇಕು. ಒಂದು, ನಮ್ಮ ದೇಶದಲ್ಲಿ ಅದಕ್ಕೆ ಮಾನ್ಯತೆ ಇದೆಯೇ ಎಂದು ನೋಡುವವರು. ಎರಡು, ಆ ದೇಶದ ಅಳತೆಗೆ ಅದು ಎಷ್ಟು ತೂಗುತ್ತದೆ ಎಂದು ಹೇಳುವವರು. ಮೂರು, ವೀಸಾ ಕೊಡುವ ಅಧಿಕಾರಿ. ನಾಲ್ಕು, ಕೆಲಸ ಕೊಡುವ ಕಂಪನಿ, ಅಥವಾ ಶಿಕ್ಷಕರು, ನರ್ಸ್‌ಗಳು, ಎಂಜಿನಿಯರುಗಳಿಗಾದರೆ ಲೈಸೆನ್ಸ್ ಕೊಡುವ ಮಂಡಳಿ. ಒಬ್ಬರು ಒಪ್ಪಿದರು ಅಂತ ಇನ್ನೊಬ್ಬರು ಒಪ್ಪಬೇಕೆಂದಿಲ್ಲ. ಜನ ಎಡವುವುದು ಇಲ್ಲೇ: ಮೊದಲ ಟೇಬಲ್‌ನ ಸಹಿ ನೋಡಿ ಕೋರ್ಸಿಗೆ ಸೇರುತ್ತಾರೆ, ನಾಲ್ಕನೆಯದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಹಾಗಾಗಿ ಕೊನೆಯ ಟೇಬಲ್‌ನಿಂದ ಹಿಂದಕ್ಕೆ ಬನ್ನಿ. ಒಂದು ಹಾಳೆಯ ಮೇಲೆ ದೇಶ, ಹುದ್ದೆ, ವೀಸಾದ ಹೆಸರು ಮೂರನ್ನೂ ಬರೆಯಿರಿ. "ಫಾರಿನ್‌ಗೆ ಹೋಗಬೇಕು" ಎಂದರೆ ಸಾಲದು. "ಜರ್ಮನಿ, ಸಾಫ್ಟ್‌ವೇರ್ ಡೆವಲಪರ್, ಬ್ಲೂ ಕಾರ್ಡ್" (ಅಲ್ಲಿನ ಉದ್ಯೋಗ ವೀಸಾ) ಎಂದೋ "ದುಬೈ, ಶಾಲಾ ಶಿಕ್ಷಕಿ, ಉದ್ಯೋಗ ವೀಸಾ" ಎಂದೋ ಇರಬೇಕು. ಆ ವೀಸಾಕ್ಕೆ ಡಿಗ್ರಿ ಬೇಕೇ ಎಂಬುದೇ ಮೊದಲ ಪ್ರಶ್ನೆ. ಕೆಲವು ಕಡೆ ಬೇಕಾಗುವುದೇ ಇಲ್ಲ. ಅದು ಗೊತ್ತಿಲ್ಲದೆ ಎರಡು ವರ್ಷ, ಲಕ್ಷಾಂತರ ರೂಪಾಯಿ ಸುರಿಯುವವರಿದ್ದಾರೆ.

ತವರಿನ ಮಾನ್ಯತೆ: ವಿಶ್ವವಿದ್ಯಾಲಯದ ಹೆಸರಷ್ಟೇ ನೋಡಿದರೆ ಆಗದು

ಇಲ್ಲಿ ಮಾನ್ಯತೆ ಇಲ್ಲದ ಡಿಗ್ರಿಗೆ ಹೊರದೇಶದಲ್ಲಿ ಮಾನ್ಯತೆ ಸಿಗುವುದಿಲ್ಲ. ಮೌಲ್ಯಮಾಪನ ಮಾಡುವ ಯಾವ ಸಂಸ್ಥೆಯಾದರೂ ಮೊದಲು ಕೇಳುವುದು, ನಿಮ್ಮ ದೇಶದವರು ಇದನ್ನು ಒಪ್ಪುತ್ತಾರೆಯೇ ಎಂದು.

ಭಾರತದಲ್ಲಿ ಪೂರ್ತಿ ಆನ್‌ಲೈನ್ ಡಿಗ್ರಿಗೆ ಯುಜಿಸಿ ನಿಯಮ ಬಂದದ್ದೇ 2018ರಲ್ಲಿ. ಅದಕ್ಕೂ ಮೊದಲಿನ ದಿನಾಂಕ ಹಾಕಿ "ಆನ್‌ಲೈನ್ ಡಿಗ್ರಿ ಕೊಡಿಸುತ್ತೇವೆ" ಎನ್ನುವವರಿಂದ ದೂರ ಇರಿ. ಈಗ ದೂರಶಿಕ್ಷಣಕ್ಕೂ ಆನ್‌ಲೈನ್‌ಗೂ ಸೇರಿ ಇರುವುದು 2020ರ ನಿಯಮಾವಳಿ. ಅದರಂತೆ ಮಾನ್ಯತೆ ಪಡೆದ ಕೋರ್ಸಿನ ಡಿಗ್ರಿ, ಕಾಲೇಜಿಗೆ ಹೋಗಿ ಪಡೆದ ಡಿಗ್ರಿಗೆ ಸಮ.

"ಮಾನ್ಯತೆ ಪಡೆದ ಕೋರ್ಸು" ಎಂದಿದೆ, "ಮಾನ್ಯತೆ ಪಡೆದ ವಿಶ್ವವಿದ್ಯಾಲಯ" ಎಂದಲ್ಲ. ಯುಜಿಸಿಯ ದೂರಶಿಕ್ಷಣ ಮಂಡಳಿಯ ವೆಬ್‌ಸೈಟಿನಲ್ಲಿ ಶೈಕ್ಷಣಿಕ ವರ್ಷ, ಜುಲೈ ಅಥವಾ ಜನವರಿ ಸೆಷನ್, ಕೋರ್ಸಿನ ಹೆಸರು ಮೂರೂ ಹೊಂದಬೇಕು. ಅದೇ ವಿಶ್ವವಿದ್ಯಾಲಯದ ಎಂಬಿಎಗೆ ಅನುಮತಿ ಇದ್ದು ಎಂಎಸ್ಸಿಗೆ ಇಲ್ಲದಿರಬಹುದು, ಹೋದ ವರ್ಷ ಇದ್ದದ್ದು ಈ ವರ್ಷ ಹೋಗಿರಬಹುದು. ನೀವು ಸೇರಿದ ಸೆಷನ್‌ನ ಪಟ್ಟಿಯನ್ನು ಆ ದಿನವೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಐದಾರು ವರ್ಷ ಕಳೆದ ಮೇಲೆ ಬಾನ್‌ನಲ್ಲೋ ಟೊರಾಂಟೊದಲ್ಲೋ ಕೂತ ಒಬ್ಬ ಅಧಿಕಾರಿ ಕೇಳಿದಾಗ ವೆಬ್‌ಸೈಟಿನ ಹಳೆಯ ಪುಟ ಅಲ್ಲೇ ಇರುತ್ತದೆ ಎಂಬ ಭರವಸೆ ಬೇಡ.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಉದಾಹರಣೆ ನಮ್ಮವರಿಗೆ ಗೊತ್ತೇ ಇದೆ. ಸರ್ಕಾರಿ ವಿಶ್ವವಿದ್ಯಾಲಯ, 1996ರಿಂದ ಇರುವುದು. ಆದರೂ 2012–13ರ ನಂತರ ಯುಜಿಸಿ ಮಾನ್ಯತೆ ಮುಂದುವರಿಯಲಿಲ್ಲ, ಮರಳಿ ಸಿಕ್ಕಿದ್ದು 2018ರಲ್ಲಿ. ನಡುವೆ ಸೇರಿದ್ದವರು ಕೆಲಸಕ್ಕೂ ಮುಂದಿನ ಓದಿಗೂ ಪರದಾಡಿದರು. ಒಂದೇ ಸಂಸ್ಥೆ, ಒಂದೇ ಲಾಂಛನ, ಸೇರಿದ ವರ್ಷ ಮಾತ್ರ ಬೇರೆ. ಹಳೆಯ ದೂರಶಿಕ್ಷಣ ಡಿಗ್ರಿ ಇಟ್ಟುಕೊಂಡು ಈಗ ಅರ್ಜಿ ಹಾಕುವವರು ತಮ್ಮ ವರ್ಷ ಯಾವ ಕಡೆ ಬೀಳುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು.

ಈ ದಾರಿಯಲ್ಲಿ ಸಿಗಲೇಬಾರದ ಕೋರ್ಸುಗಳೂ ಇವೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಕಾನೂನು, ಆರ್ಕಿಟೆಕ್ಚರ್, ಕೃಷಿ, ಹೋಟೆಲ್ ಮ್ಯಾನೇಜ್‌ಮೆಂಟ್ ಯಾವುದನ್ನೂ ಆನ್‌ಲೈನ್‌ನಲ್ಲಾಗಲಿ ದೂರಶಿಕ್ಷಣದಲ್ಲಾಗಲಿ ಕೊಡುವ ಹಾಗಿಲ್ಲ. 2025ರ ಜುಲೈ ಸೆಷನ್‌ನಿಂದ ಮನಶ್ಶಾಸ್ತ್ರ, ಆಹಾರ ಮತ್ತು ಪೋಷಣೆಯಂಥ ಆರೋಗ್ಯಕ್ಕೆ ಸೇರಿದ ವಿಷಯಗಳನ್ನೂ ನಿಲ್ಲಿಸಲಾಗಿದೆ. ಇದು ಬರೀ ಕಾಗದದ ನಿಯಮವಲ್ಲ. 2001ರಿಂದ 2005ರವರೆಗೆ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಡಿಗ್ರಿಗಳನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಅಮಾನತಿನಲ್ಲಿಟ್ಟು, ಮತ್ತೆ ಪರೀಕ್ಷೆ ಬರೆದು ಪಾಸಾಗಿ ಎಂದಿತು. ಹತ್ತು ಹನ್ನೆರಡು ವರ್ಷ ಸರ್ವಿಸ್ ಆದವರೂ ಆ ಪರೀಕ್ಷೆಗೆ ಕೂರಬೇಕಾಯಿತು.

ಇನ್ನೆರಡು ಸಣ್ಣ ಕೆಲಸ. ಪ್ರವೇಶಕ್ಕೆ ಮುಂಚೆಯೇ ಮೊದಲು ಎಬಿಸಿ ಐಡಿ (ನಿಮ್ಮ ಓದಿನ ಕ್ರೆಡಿಟ್‌ಗಳ ಖಾತೆ ಸಂಖ್ಯೆ), ಅದಾದ ಮೇಲೆ ದೂರಶಿಕ್ಷಣ ಮಂಡಳಿಯ ಡೆಬ್ ಐಡಿ ನೀವೇ ಮಾಡಿಸಿಕೊಳ್ಳಿ. 2024ರಿಂದ ಇದು ಕಡ್ಡಾಯ. "ಅದೆಲ್ಲ ಆಮೇಲೆ ಮಾಡೋಣ, ಈಗ ಸೀಟ್ ಬ್ಲಾಕ್ ಮಾಡಿ" ಎಂದರೆ ಅಲ್ಲೇ ನಿಲ್ಲಿ. ಹಾಗೆಯೇ ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸಿ. ಗೋಕಾಕದ ವಿಳಾಸದ ಒಂದು "ವಿಶ್ವ ಮುಕ್ತ ವಿಶ್ವವಿದ್ಯಾಲಯ"ವೂ ವರ್ಷಗಟ್ಟಲೆ ಆ ಪಟ್ಟಿಯಲ್ಲಿತ್ತು.

"ಸರ್ಟಿಫಿಕೇಟ್ ಮೇಲೆ ಆನ್‌ಲೈನ್ ಅಂತ ಬರೆದಿರಲ್ಲ" ಎನ್ನುವುದು ಮಾರುವವರ ಇನ್ನೊಂದು ಮಾತು. ಮುಂಭಾಗದಲ್ಲಿ ಇಲ್ಲದಿರಬಹುದು; ಹಿಂಬದಿಯನ್ನೂ, ಎಲ್ಲ ಸೆಮಿಸ್ಟರಿನ ಅಂಕಗಳಿರುವ ಟ್ರಾನ್ಸ್‌ಕ್ರಿಪ್ಟನ್ನೂ ನೋಡಿ. ವಿದೇಶದವರು ವಿಶ್ವವಿದ್ಯಾಲಯಕ್ಕೇ ಬರೆದು ಕೇಳುವುದೂ ಉಂಟು. ಅರ್ಜಿಯಲ್ಲಿ ಕಲಿಕೆಯ ವಿಧಾನ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ದೂರಶಿಕ್ಷಣ ಎಂಬ ಕಾರಣಕ್ಕೆ ತಿರಸ್ಕೃತವಾದರೆ ಇನ್ನೊಂದು ದಾರಿ ಹುಡುಕಬಹುದು. ಸುಳ್ಳು ಮಾಹಿತಿ ಎಂದು ತಿರಸ್ಕೃತವಾದರೆ ಆ ದೇಶದ ಬಾಗಿಲೇ ವರ್ಷಗಟ್ಟಲೆ ಮುಚ್ಚಿಬಿಡುತ್ತದೆ.

ಜರ್ಮನಿ: ನೀವೇ ನೋಡಿಕೊಳ್ಳಬಹುದಾದ ಪಟ್ಟಿ

ಇದರಲ್ಲಿ ಜರ್ಮನಿಯವರ ವ್ಯವಸ್ಥೆ ನನಗೆ ಹಿಡಿಸುತ್ತದೆ. ಏಜೆಂಟರ ಹಂಗಿಲ್ಲದೆ ಮನೆಯಲ್ಲೇ ಕೂತು ನೋಡಬಹುದು. ಅನಾಬಿನ್ ಎಂಬ ಡೇಟಾಬೇಸ್ ಇದೆ, ಉಚಿತ. ಪುಟವೆಲ್ಲ ಜರ್ಮನ್ ಭಾಷೆಯಲ್ಲಿದೆ, ಬ್ರೌಸರ್‌ನ ಅನುವಾದ ಸಾಕು. ಮೊದಲು ಸಂಸ್ಥೆಗಳ ವಿಭಾಗಕ್ಕೆ ಹೋಗಿ ದೇಶಗಳ ಪಟ್ಟಿಯಲ್ಲಿ "ಇಂಡಿಯೆನ್" ಆರಿಸಿ ನಿಮ್ಮ ವಿಶ್ವವಿದ್ಯಾಲಯ ಹುಡುಕಿ. ಮುಂದೆ "ಎಚ್ ಪ್ಲಸ್" ಎಂದಿದ್ದರೆ ಒಪ್ಪಿದ್ದಾರೆ. "ಎಚ್ ಮೈನಸ್" ಎಂದರೆ ಇಲ್ಲ. ಎರಡೂ ಚಿಹ್ನೆ ಒಟ್ಟಿಗೆ ಇದ್ದರೆ ಕೋರ್ಸು ನೋಡಿ ತೀರ್ಮಾನ.

ಬಹಳ ಜನ ಇಲ್ಲಿಗೇ ಖುಷಿಪಟ್ಟು ನಿಲ್ಲಿಸುತ್ತಾರೆ. ಇನ್ನರ್ಧ ಬಾಕಿ ಇದೆ. ಡಿಗ್ರಿಗಳ ವಿಭಾಗಕ್ಕೆ ಹೋಗಿ ಬಿಸಿಎ, ಎಂಸಿಎ, ಎಂಬಿಎ ಯಾವುದೋ ಅದನ್ನು ಅಷ್ಟೇ ವರ್ಷಗಳ ಅವಧಿಯೊಂದಿಗೆ ಹುಡುಕಬೇಕು. "ಎಂಟ್‌ಸ್ಪ್ರಿಷ್ಟ್" ಅಥವಾ "ಗ್ಲೈಷ್‌ವೆರ್ಟಿಗ್" ಎಂದಿದ್ದರೆ ಸರಿ. "ಬೆಡಿಂಗ್ಟ್ ಫೆರ್‌ಗ್ಲೈಷ್‌ಬಾರ್", ಅಂದರೆ ಷರತ್ತಿನ ಹೋಲಿಕೆ ಎಂದಿದ್ದರೆ ವೀಸಾಕ್ಕೆ ಸಾಲುವುದಿಲ್ಲ. ಸಂಸ್ಥೆ, ಡಿಗ್ರಿ ಎರಡೂ ಸರಿ ಇದ್ದರೆ ಎರಡೂ ಪುಟಗಳ ಪ್ರಿಂಟ್ ತೆಗೆದು ವೀಸಾ ಅರ್ಜಿಗೆ ಲಗತ್ತಿಸಬಹುದು. ಒಂದು ಸಿಗದಿದ್ದರೂ ಬಾನ್‌ನಲ್ಲಿರುವ ಝಡ್‌ಎಬಿ ಕಚೇರಿಗೆ ಅರ್ಜಿ ಹಾಕಿ ಹೋಲಿಕೆ ಪ್ರಮಾಣಪತ್ರ ತರಿಸಿಕೊಳ್ಳಬೇಕು. ಶುಲ್ಕ 200 ಯೂರೋ ಆಸುಪಾಸು, ಸಮಯ ತಿಂಗಳುಗಟ್ಟಲೆ ಹಿಡಿಯಬಹುದು. ಆಫರ್ ಲೆಟರ್ ಕೈಗೆ ಬಂದ ಮೇಲೆ ಇದನ್ನು ಶುರು ಮಾಡಿದರೆ ಕಂಪನಿ ಕಾಯದೆ ಹೋಗಬಹುದು.

ಐಟಿಯವರಿಗೆ ಇನ್ನೊಂದು ಮಾತು. 2023ರ ನವೆಂಬರ್‌ನಿಂದ, ಕಳೆದ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಆ ಮಟ್ಟದ ಐಟಿ ಕೆಲಸ ಮಾಡಿದವರು ಡಿಗ್ರಿ ಇಲ್ಲದೆಯೂ ಬ್ಲೂ ಕಾರ್ಡಿಗೆ ಅರ್ಹರು. ಸಂಬಳದ ಮಿತಿ ಮಾತ್ರ ಮುಟ್ಟಬೇಕು. ಬೆಂಗಳೂರಿನಲ್ಲಿ ಐದು ವರ್ಷ ಕೋಡ್ ಬರೆದವರು ಜರ್ಮನಿಗಾಗಿಯೇ ಆನ್‌ಲೈನ್ ಡಿಗ್ರಿಗೆ ಸೇರುವುದಕ್ಕಿಂತ, ಹಳೆಯ ಕಂಪನಿಗಳ ಅನುಭವ ಪತ್ರದಲ್ಲಿ ಮಾಡಿದ ಕೆಲಸದ ವಿವರ ಸರಿಯಾಗಿ ಬರೆಸಿಕೊಳ್ಳುವುದು ಜಾಣತನ. "ಅವರ ನಡತೆ ಉತ್ತಮವಾಗಿತ್ತು" ಎಂಬ ಎರಡು ಸಾಲಿನ ಪತ್ರದಿಂದ ಏನೂ ಆಗದು.

ಅಮೆರಿಕ: ಇವತ್ತು ದಾಟಿದ್ದು ನಾಳೆ ನಿಲ್ಲಿಸಬಹುದು

ಎಚ್‌–1ಬಿ ಎಂಬ ಉದ್ಯೋಗ ವೀಸಾಕ್ಕೆ ಅಮೆರಿಕದ ಬ್ಯಾಚುಲರ್ ಡಿಗ್ರಿ ಅಥವಾ ಅದಕ್ಕೆ ಸಮನಾದದ್ದು ಬೇಕು, ಅದೂ ಮಾಡುವ ಕೆಲಸಕ್ಕೆ ಸಂಬಂಧಪಟ್ಟದ್ದು. ಅಲ್ಲಿನ ಬ್ಯಾಚುಲರ್ ನಾಲ್ಕು ವರ್ಷದ್ದು. ನಮ್ಮ ಬಿಸಿಎ, ಬಿಕಾಂ, ಬಿಎಸ್ಸಿ ಮೂರು ವರ್ಷದವು. ಹಾಗಾಗಿ ಇಲ್ಲಿ ಹೆಚ್ಚು ಕಾಡುವುದು ಆನ್‌ಲೈನ್ ಎಂಬುದಲ್ಲ, ಆ ಒಂದು ವರ್ಷದ ಕೊರತೆ. ಕರ್ನಾಟಕದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಆನರ್ಸ್ ಬಂದು, 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವಿನ ಬ್ಯಾಚಿನವರಿಗೆ ನಾಲ್ಕನೇ ವರ್ಷ ಓದುವ ಅವಕಾಶ ಉಳಿದಿತ್ತು. ಅದನ್ನು ಮುಗಿಸಿದವರಿಗೆ ಈ ಲೆಕ್ಕದಲ್ಲಿ ಅನುಕೂಲ.

ಕೊರತೆ ತುಂಬಲು ಎಚ್‌–1ಬಿ ನಿಯಮದಲ್ಲೇ ದಾರಿ ಇದೆ: ಮೂರು ವರ್ಷದ ಅನುಭವ ಒಂದು ವರ್ಷದ ಓದಿಗೆ ಸಮ. ಮೂರು ವರ್ಷದ ಡಿಗ್ರಿ, ಜೊತೆಗೆ ಆ ಕ್ಷೇತ್ರದಲ್ಲೇ ಮೂರು ವರ್ಷದ ಕೆಲಸ ಇದ್ದರೆ ಮೌಲ್ಯಮಾಪನ ಪತ್ರ ಮಾಡಿಸಿ ವಕೀಲರು ಅರ್ಜಿ ಹಾಕುತ್ತಾರೆ. ಎಷ್ಟೋ ಮಂದಿ ಹೀಗೇ ಹೋಗಿದ್ದಾರೆ.

ತೊಡಕು ಬರುವುದು ಅಲ್ಲೇ ಕಾಯಂ ನೆಲೆಸಲು ಬಿಡುವ ಗ್ರೀನ್ ಕಾರ್ಡ್ ಹೊತ್ತಿಗೆ. ಇಬಿ–2, ಅಂದರೆ ಉನ್ನತ ಓದಿನವರ ಗ್ರೀನ್ ಕಾರ್ಡ್ ವರ್ಗದಲ್ಲಿ, ಅನುಭವವನ್ನು ಡಿಗ್ರಿಯ ಜೊತೆ ಕೂಡಿಸಿ ಬ್ಯಾಚುಲರ್ ಆಯಿತು ಎನ್ನುವ ಲೆಕ್ಕ ನಡೆಯುವುದಿಲ್ಲ. ಒಂದೇ ಡಿಗ್ರಿ ಇಡಿಯಾಗಿ ಅಲ್ಲಿನ ಬ್ಯಾಚುಲರ್‌ಗೆ ಸಮ ಇರಬೇಕು. ಅಧಿಕಾರಿಗಳು ಎಡ್ಜ್ ಎಂಬ ಡೇಟಾಬೇಸ್ ತೆಗೆದು ನೋಡುತ್ತಾರೆ. ಅದರಲ್ಲಿ ನಮ್ಮ ಮೂರು ವರ್ಷದ ಡಿಗ್ರಿ ಮೂರು ವರ್ಷದ ಓದಾಗಿಯೇ ಉಳಿಯುತ್ತದೆ. ಅದರ ಮೇಲೆ ಮಾಡಿದ ಎರಡು ವರ್ಷದ ಮಾಸ್ಟರ್ಸ್ ಕೂಡ ಎಷ್ಟೋ ಸಲ ಬ್ಯಾಚುಲರ್ ಮಟ್ಟಕ್ಕೇ ನಿಲ್ಲುತ್ತದೆ. ಅಂದರೆ ಅಲ್ಲಿ ಮನೆ ಮಾಡಿ, ಮಕ್ಕಳು ಶಾಲೆಗೆ ಸೇರಿದ ಮೇಲೆ, ಎಂದೋ ಊರಲ್ಲಿ ಮುಗಿಸಿದ ಡಿಗ್ರಿಯ ಬಗ್ಗೆ ಪ್ರಶ್ನೆ ಏಳುತ್ತದೆ. ಅಮೆರಿಕದಲ್ಲೇ ನೆಲೆಸುವ ಯೋಚನೆ ಇರುವವರು ಎಚ್‌–1ಬಿಗೆ ಸಾಕೇ ಎಂದಷ್ಟೇ ಕೇಳಬಾರದು. ಇಬಿ–2ಕ್ಕೂ ಸಾಕೇ ಎಂದು ಈಗಲೇ ಕೇಳಬೇಕು.

ಇಲ್ಲಿಂದಲೇ ಅಮೆರಿಕದ ಆನ್‌ಲೈನ್ ಮಾಸ್ಟರ್ಸ್ ಮಾಡುವವರೂ ಇದ್ದಾರೆ. ಜಾರ್ಜಿಯಾ ಟೆಕ್ 2014ರಲ್ಲಿ ಶುರು ಮಾಡಿದ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್ ಈ ಪೈಕಿ ಹೆಸರುವಾಸಿ. ಫೀಸು ಕಡಿಮೆ, ಓದು ಮಾತ್ರ ಸುಲಭದ್ದಲ್ಲ. ಸೇರುವ ಮೊದಲು ಎರಡು ವಿಷಯ ನೋಡಿ. ಅಕ್ರೆಡಿಟೇಶನ್ (ಗುಣಮಟ್ಟದ ಮಾನ್ಯತೆ) ಕೊಟ್ಟ ಸಂಸ್ಥೆಗೆ ಅಮೆರಿಕದ ಶಿಕ್ಷಣ ಇಲಾಖೆಯ ಮಾನ್ಯತೆ ಇದೆಯೇ? "ಅಕ್ರೆಡಿಟೆಡ್" ಎಂಬ ಪದವನ್ನು ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ, ಅಕ್ರೆಡಿಟೇಶನ್ ಕೊಡುವ ನಕಲಿ ಸಂಸ್ಥೆಗಳೂ ಇವೆ. ಇನ್ನೊಂದು, ಅದು ಸರ್ಕಾರಿಯೋ, ಲಾಭದ ಉದ್ದೇಶವಿಲ್ಲದ್ದೋ, ಲಾಭಕ್ಕೆ ನಡೆಸುವುದೋ? ಎಚ್‌–1ಬಿಯಲ್ಲಿ ಅಮೆರಿಕದ ಮಾಸ್ಟರ್ಸ್ ಇದ್ದವರಿಗೆಂದು 20,000 ಪ್ರತ್ಯೇಕ ಸ್ಥಾನಗಳಿವೆ, ಲಾಭಕ್ಕೆ ನಡೆಸುವ ವಿಶ್ವವಿದ್ಯಾಲಯದ ಡಿಗ್ರಿ ಆ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿಂದ ಆನ್‌ಲೈನ್‌ನಲ್ಲಿ ಓದಿದವರಿಗೆ ವಿದ್ಯಾರ್ಥಿ ವೀಸಾ ಇಲ್ಲ, ಓದಿನ ನಂತರ ಕೆಲಸ ಮಾಡಲು ಬಿಡುವ ಒಪಿಟಿಯೂ ಇಲ್ಲ. ಡಿಗ್ರಿ ಅದೇ ಇರಬಹುದು, ಅದರ ಜೊತೆ ಬರುವ ದಾರಿ ಇಲ್ಲ.

ಕೊಲ್ಲಿ ದೇಶಗಳು: ಮುದ್ರೆ ಬೇರೆ, ಮಾನ್ಯತೆ ಬೇರೆ

ಮಂಗಳೂರು, ಉಡುಪಿ, ಭಟ್ಕಳದ ಕಡೆ ಅಟೆಸ್ಟೇಶನ್ ಎಂಬ ಪದ ಗೊತ್ತಿಲ್ಲದ ಮನೆ ಕಡಿಮೆ. ಯುಎಇಗೆ ಹೋಗುವ ಡಿಗ್ರಿಗೆ ಮೊದಲು ರಾಜ್ಯ ಸರ್ಕಾರದ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಯುಎಇ ರಾಯಭಾರ ಕಚೇರಿಯದ್ದು, ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯದ್ದು. ಕತಾರ್, ಕುವೈತ್‌ಗೂ ರಾಯಭಾರ ಕಚೇರಿಯ ದಾರಿಯೇ. ಒಮಾನ್, ಬಹ್ರೇನ್ ಮತ್ತು 2022ರ ಡಿಸೆಂಬರ್‌ನಿಂದ ಸೌದಿ ಅರೇಬಿಯಾ, ಒಂದು ದೇಶದ ಒಂದೇ ಮುದ್ರೆಯನ್ನು ಉಳಿದ ದೇಶಗಳೂ ಒಪ್ಪುವ ಅಪೊಸ್ಟಿಲ್ ಒಪ್ಪಂದದಲ್ಲಿವೆ, ಭಾರತ 2005ರಿಂದ ಇದೆ. ಅಪೊಸ್ಟಿಲ್‌ಗೆ ಸಚಿವಾಲಯದ ಶುಲ್ಕ ದಾಖಲೆಗೆ 50 ರೂಪಾಯಿ. ಸಚಿವಾಲಯ ನೇರವಾಗಿ ಕೌಂಟರಿನಲ್ಲಿ ತೆಗೆದುಕೊಳ್ಳದೆ ನೇಮಿಸಿದ ಏಜೆನ್ಸಿಗಳ ಮೂಲಕ ಪಡೆಯುವುದರಿಂದ ಅವರ ಸೇವಾ ಶುಲ್ಕ ಸೇರುತ್ತದೆ. ಸಾವಿರಗಟ್ಟಲೆ ಕೇಳುವ ಏಜೆಂಟರಿಗೆ ಬಿಡಿಸಿದ ಬಿಲ್ ಕೊಡಿ ಎಂದು ಕೇಳಿ.

ಆದರೆ ಈ ಮುದ್ರೆಗಳೆಲ್ಲ ಹೇಳುವುದು ಒಂದೇ: ಕಾಗದ ಅಸಲಿ, ಸಹಿ ಅಸಲಿ. ಡಿಗ್ರಿಯ ಯೋಗ್ಯತೆ ಅವು ಹೇಳುವುದಿಲ್ಲ. ಅಕೌಂಟೆಂಟ್, ಸೇಲ್ಸ್, ಆಫೀಸ್ ಕೆಲಸಗಳಿಗೆ ಇಷ್ಟು ಸಾಕಾಗಬಹುದು. ಶಿಕ್ಷಕರಿಗೆ, ಆರೋಗ್ಯ ಸೇವೆಯವರಿಗೆ, ಎಂಜಿನಿಯರುಗಳಿಗೆ ಸಾಕಾಗದು. ಕೆಲವು ವರ್ಷಗಳ ಹಿಂದೆ ಯುಎಇಯಲ್ಲಿ, ಕೇರಳದಲ್ಲಿ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆದು ಡಿಗ್ರಿ ಪಡೆದಿದ್ದ ಶಿಕ್ಷಕರು ಸಮಾನತೆಯ ಪತ್ರ ಸಿಗದೆ ಕಷ್ಟಪಟ್ಟರು. ಅವರ ಕಾಗದದಲ್ಲಿ ಎಲ್ಲ ಮುದ್ರೆಯೂ ಇತ್ತು. ಕುವೈತ್‌ನಲ್ಲಂತೂ 2018ರಲ್ಲಿ ಎನ್‌ಬಿಎ (ನಮ್ಮ ಎಂಜಿನಿಯರಿಂಗ್ ಕೋರ್ಸುಗಳ ಗುಣಮಟ್ಟ ಅಳೆಯುವ ಮಂಡಳಿ) ಮಾನ್ಯತೆ ಕೇಳತೊಡಗಿದಾಗ ನಾಲ್ಕು ವರ್ಷ ಕಾಲೇಜಿಗೆ ಹೋಗಿ ಓದಿದ ಎಂಜಿನಿಯರುಗಳೇ ಇಕ್ಕಟ್ಟಿಗೆ ಸಿಕ್ಕಿದರು. ನೀವು ಶಿಕ್ಷಕಿಯಾಗಿ ಹೋಗುವವರಾದರೆ, ಬಿಎಡ್ ಆಗಲಿ ಡಿಗ್ರಿಯಾಗಲಿ ದೂರಶಿಕ್ಷಣದ್ದಾದರೆ, ಟಿಕೆಟ್ ತೆಗೆಯುವ ಮೊದಲು ಶಾಲೆಯ ಆಡಳಿತದವರಿಂದಲೇ ಲಿಖಿತವಾಗಿ ಕೇಳಿ: ಈ ಡಿಗ್ರಿಗೆ ನಿಮ್ಮ ಕಡೆಯ ಅನುಮತಿ ಸಿಗುತ್ತದೆಯೇ?

ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ, ಅಂದರೆ ಕಾಯಂ ನೆಲೆಸುವ ಅರ್ಜಿಗೆ, ಇಸಿಎ (ಡಿಗ್ರಿಯ ಸಮಾನತೆ ಹೇಳುವ) ವರದಿ ಬೇಕು. ವೆಸ್‌ನಂಥ ಸಂಸ್ಥೆಗಳ ಕೆಲಸ ಬರುವುದು ಇಲ್ಲಿ. ವರದಿಗೆ ಐದು ವರ್ಷ ಆಯುಷ್ಯ. ತೀರಾ ಮುಂಚೆ ಮಾಡಿಸಿ ಹಣ ಕಳೆದುಕೊಳ್ಳಬೇಡಿ.

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ನೋಡುವುದು ಕೆಲಸದ ಮಟ್ಟ, ಸಂಬಳ ಮತ್ತು ಸ್ಪಾನ್ಸರ್ ಕಂಪನಿಯನ್ನು. 2025ರ ಜುಲೈನಿಂದ ಸಾಮಾನ್ಯವಾಗಿ ಡಿಗ್ರಿ ಮಟ್ಟದ ಹುದ್ದೆಯೇ ಆಗಬೇಕು, ಸಂಬಳ 41,700 ಪೌಂಡ್ ಅಥವಾ ಆ ಹುದ್ದೆಗೆ ನಿಗದಿಯಾದ ದರ, ಯಾವುದು ಹೆಚ್ಚೋ ಅದು ಇರಬೇಕು. ಹುದ್ದೆ ಡಿಗ್ರಿ ಮಟ್ಟದ್ದಾಗಿರಬೇಕೇ ಹೊರತು ನಿಮ್ಮ ಕೈಯಲ್ಲಿ ಡಿಗ್ರಿ ಇರಲೇಬೇಕೆಂದಿಲ್ಲ. ಇಂಗ್ಲಿಷ್ ಮಾಧ್ಯಮದ ಡಿಗ್ರಿ ಇದ್ದರೆ ಎಕ್ಟಿಸ್ ಸಂಸ್ಥೆಯ ಪತ್ರದಿಂದ ಇಂಗ್ಲಿಷ್ ಪರೀಕ್ಷೆ ಉಳಿಸಿಕೊಳ್ಳಬಹುದು. ಲಂಡನ್ ವಿಶ್ವವಿದ್ಯಾಲಯ 1858ರಿಂದಲೇ ದೂರದವರಿಗೆ ಡಿಗ್ರಿ ಕೊಡುತ್ತಿದೆ, ಅದರ ಗೌರವದ ಬಗ್ಗೆ ಎರಡು ಮಾತಿಲ್ಲ. ಆದರೂ ಮನೆಯಲ್ಲಿ ಕೂತು ಅದನ್ನು ಪಡೆದವರಿಗೆ ಓದಿನ ನಂತರ ಅಲ್ಲಿದ್ದು ಕೆಲಸ ಮಾಡಲು ಬಿಡುವ ಬ್ರಿಟನ್ನಿನ ಗ್ರಾಜುಯೇಟ್ ವೀಸಾ ಸಿಗದು.

ಆಸ್ಟ್ರೇಲಿಯಾದಲ್ಲಿ ಹುದ್ದೆಗೆ ತಕ್ಕಂತೆ ಸ್ಕಿಲ್ ಅಸೆಸ್‌ಮೆಂಟ್ ಮಾಡುವವರು ಬೇರೆ ಬೇರೆ, ಐಟಿಗೆ ಎಸಿಎಸ್ ಎಂಬ ಸಂಸ್ಥೆ. ಅವರ ಮಾರ್ಗಸೂಚಿ ಓದದೆ ಕೋರ್ಸು ಆರಿಸಬೇಡಿ. ಓದು ಮುಗಿಸಿದವರಿಗೆ ಕೊಡುವ 485 ವೀಸಾಕ್ಕೆ ಅಲ್ಲೇ ಇದ್ದು ಓದಿರಬೇಕು.

ವಿದೇಶಿ ಡಿಗ್ರಿಯನ್ನು ಇಲ್ಲಿನ ಎಡ್‌ಟೆಕ್ ಕಂಪನಿ ಮಾರುತ್ತಿದ್ದರೆ

2023ರ ಡಿಸೆಂಬರ್‌ನಲ್ಲಿ ಯುಜಿಸಿ ಇದರ ಬಗ್ಗೆಯೇ ಎಚ್ಚರಿಸಿತು: ವಿದೇಶಿ ವಿಶ್ವವಿದ್ಯಾಲಯದ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ಆನ್‌ಲೈನ್‌ನಲ್ಲಿ ಕೊಡುವ ಇಂಥ ಡಿಗ್ರಿಗಳಿಗೆ ತನ್ನ ಮಾನ್ಯತೆ ಇಲ್ಲ ಎಂದು. ಹೊರಗೆ ಅದು ನಡೆದರೂ ಊರಿಗೆ ಮರಳಿ ಸರ್ಕಾರಿ ಕೆಲಸಕ್ಕೋ ಪಿಎಚ್‌ಡಿಗೋ ಅರ್ಜಿ ಹಾಕಿದರೆ ತಗಲಿಕೊಳ್ಳುತ್ತೀರಿ. ಕೊನೆಗೆ ಪ್ರಮಾಣಪತ್ರದ ಮೇಲೆ ಯಾರ ಹೆಸರು ಬರುತ್ತದೆ, ಟ್ರಾನ್ಸ್‌ಕ್ರಿಪ್ಟ್ ಕಳಿಸುವವರು ಯಾರು ಎಂಬ ಎರಡು ಪ್ರಶ್ನೆಯನ್ನು ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಕಚೇರಿಗೇ ಇಮೇಲ್ ಮಾಡಿ. ಕೌನ್ಸೆಲರ್‌ನ ವಾಟ್ಸಾಪ್ ಮೆಸೇಜನ್ನು ನಾಳೆ ಯಾರೂ ಸಾಕ್ಷಿ ಎಂದು ತೆಗೆದುಕೊಳ್ಳುವುದಿಲ್ಲ.

ಕಾಗದ ಪತ್ರ: ಇನಿಷಿಯಲ್‌ನ ತಾಪತ್ರಯ

ಮಾನ್ಯತೆ ಎಲ್ಲ ಸರಿ ಇದ್ದೂ ನಮ್ಮ ಕಡೆಯವರ ಅರ್ಜಿ ನಿಲ್ಲುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಎಚ್. ಎಂ." ಎಂದಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದು "ಮಂಜುನಾಥ" ಒಂದು ಕಡೆ, ಊರು ಮತ್ತು ತಂದೆಯ ಹೆಸರು ಸರ್‌ನೇಮ್ ಜಾಗದಲ್ಲಿ. ಆಧಾರ್‌ನಲ್ಲಿ ಮೂರನೆಯದೊಂದು ರೂಪ. ಡಿಗ್ರಿಯಲ್ಲಿ ಇನಿಷಿಯಲ್ ಮುಂದಕ್ಕೆ ಹಾರಿರುತ್ತದೆ. ನಮಗೆ ಇದು ಮಾಮೂಲು. ಬಾನ್‌ನ ಗುಮಾಸ್ತನಿಗೆ ಇವರು ನಾಲ್ಕು ಜನ. ಕೋರ್ಸಿಗೆ ಸೇರುವಾಗಲೇ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆ ಹೆಸರು ಕೊಡಿ, ಮೊದಲ ಸೆಮಿಸ್ಟರಿನ ಅಂಕಪಟ್ಟಿ ಬಂದ ದಿನವೇ ಅಕ್ಷರ ಅಕ್ಷರ ಹೋಲಿಸಿ ನೋಡಿ, ತಪ್ಪಿದ್ದರೆ ಆಗಲೇ ತಿದ್ದಿಸಿ. ಡಿಗ್ರಿ ಪ್ರಿಂಟ್ ಆದ ಮೇಲೆ ತಿದ್ದಿಸುವುದು ದೊಡ್ಡ ಓಡಾಟ. ಹಳೆಯ ದಾಖಲೆಗಳಿಗೆ, ಇವರೆಲ್ಲ ಒಬ್ಬರೇ ಎಂಬ ಅಫಿಡವಿಟ್ ನೋಟರಿಯಿಂದ ಮಾಡಿಸಿಟ್ಟುಕೊಳ್ಳಿ. ಎಲ್ಲ ಕಡೆ ನಡೆಯದಿದ್ದರೂ ಬಹಳ ಕಡೆ ಉಪಯೋಗಕ್ಕೆ ಬರುತ್ತದೆ.

ಕೋರ್ಸು ಮುಗಿದ ಕೂಡಲೇ ಟ್ರಾನ್ಸ್‌ಕ್ರಿಪ್ಟ್, ಇಂಗ್ಲಿಷ್ ಮಾಧ್ಯಮದ ಪತ್ರ, ಮುದ್ರೆ ಹಾಕಿದ ಸಿಲಬಸ್ ಪ್ರತಿ ಮೂರಕ್ಕೂ ಒಟ್ಟಿಗೆ ಅರ್ಜಿ ಹಾಕಿ. ಟ್ರಾನ್ಸ್‌ಕ್ರಿಪ್ಟನ್ನು ಮೌಲ್ಯಮಾಪನ ಸಂಸ್ಥೆಗೆ ವಿಶ್ವವಿದ್ಯಾಲಯವೇ ನೇರವಾಗಿ ಕಳಿಸಬೇಕೆಂಬ ನಿಯಮ ಹೆಚ್ಚಿನ ಕಡೆ ಇದೆ. ನಿಮ್ಮ ಕೈಗೆ ಬಂದ ಸೀಲ್ ಮಾಡಿದ ಕವರನ್ನು ಕುತೂಹಲಕ್ಕೆ ಒಡೆದರೆ ಅದು ವ್ಯರ್ಥ. ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಬಂದಿದೆಯೇ ನೋಡಿ. ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪತ್ರ, ಸ್ವದೇಶದಲ್ಲಿ ಕೆಲಸ ಸೇರಲು ಸಾಕು, ಮೌಲ್ಯಮಾಪನಕ್ಕೆ ಬಹುತೇಕ ಘಟಿಕೋತ್ಸವದ ಪ್ರಮಾಣಪತ್ರವನ್ನೇ ಕೇಳುತ್ತಾರೆ. ನಮ್ಮ ಕೆಲವು ವಿಶ್ವವಿದ್ಯಾಲಯಗಳಲ್ಲಿ ಅದು ಫಲಿತಾಂಶ ಬಂದು ವರ್ಷ ಕಳೆದ ಮೇಲೆ ಕೈಸೇರುತ್ತದೆ. ಆ ವರ್ಷವನ್ನೂ ಸೇರಿಸಿ ಹೊರಡುವ ದಿನದ ಲೆಕ್ಕ ಹಾಕಿ.